ಶನಿವಾರದ ದುಭಾಷಿ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಮೆಟ್ಟಿಲನ್ನು ಫಿನಾಯಿಲ್ ಹಾಕಿ ತೊಳೆದರು ನೋಡಿ, ಆ ವಾಸನೆಗೆ ಕುರ್ಲಾದ ಆ ಕ್ಲಿನಿಕ್ಕಿನ ಬೆಂಚು ಕಣ್ಣಮುಂದೆ ಬಂತು. ಆರು ವರ್ಷವಾಯಿತು. ಅಲ್ಲಿ ನಾನು ರೋಗಿಯಲ್ಲ ಸ್ವಾಮಿ, ದುಭಾಷಿ! ಘಾಟ್ಕೋಪರಿನಲ್ಲಿ ನಮ್ಮ ಎದುರುಮನೆಯ ಮರಾಠಿ ಡಾಕ್ಟರು ಮಕ್ಕಳ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಕೊಡುವವರು. "ಒಂದು ಹುಡುಗಿ ಬರ್ತಾಳೆ, ಕನ್ನಡ ಬಿಟ್ಟು ಬೇರೆ ಮಾತಾಡೋಲ್ಲ. ಶನಿವಾರ ಬನ್ನಿ" ಎಂದರು. ಮೂವತ್ತು ವರ್ಷ ತರಕಾರಿಯವನ ಜೊತೆ ಚೌಕಾಸಿ ಮಾಡಿ ಕಲಿತ ನನ್ನ ಹಿಂದಿಗೆ ಕೊನೆಗೂ ಮರ್ಯಾದೆ ಸಿಕ್ಕಿತೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೆ.

ಹುಡುಗಿಯ ಹೆಸರು ಕಸ್ತೂರಿ. ಹನ್ನೆರಡು ವರ್ಷ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ಸೈಟಿನ ಗೋಡೆ ಕುಸಿದು ಅವಳ ನಾಲ್ಕು ವರ್ಷದ ತಮ್ಮ ಸತ್ತುಹೋಗಿದ್ದ. ಅಂದಿನಿಂದ ನಿದ್ದೆಯಿಲ್ಲ, ಶಾಲೆಯಿಲ್ಲ. ಎಲ್ಲಾದರೂ ಇಟ್ಟಿಗೆ ಸುರಿದ ಸದ್ದಾದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದಳು. "ಏನಮ್ಮ, ತಿಂಡಿ ಆಯ್ತಾ?" ಎಂಬ ನನ್ನ ಮೈಸೂರು ಉಪಚಾರಕ್ಕೆ ಅವಳು ಬೇರೆ ದೇಶದವಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

ಡಾಕ್ಟರು ಮೊದಲೇ ಹೇಳಿದ್ದರು: "ಆ ದಿನ ಏನಾಯ್ತೋ ಅದನ್ನ ಅವಳೇ ಸ್ವಲ್ಪ ಸ್ವಲ್ಪವಾಗಿ ಹೇಳಬೇಕು. ಚಿತ್ರ ಬರೀಲಿ, ಮತ್ತೆ ಮತ್ತೆ ಹೇಳಲಿ. ಹೇಳ್ತಾ ಹೇಳ್ತಾ ಭಯ ಇಳಿಯುತ್ತೆ. ಮನಸ್ಸಲ್ಲಿ ತಪ್ಪು ತಿಳಿವಳಿಕೆ ಇದ್ದರೆ ಆಗ ತಿದ್ದಬಹುದು. ನೀವು ಒಂದು ಮಾತೂ ಬಿಡಬೇಡಿ." ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಎತ್ತಿದ ಕೈ.

ಎರಡನೆಯ ಶನಿವಾರ ಕಸ್ತೂರಿ ನೆಲ ನೋಡುತ್ತಾ ಹೇಳಿದಳು: "ಅಂವನ ಕೈ ನಾನ ಬಿಟ್ಟೆರಿ. ಬಳೆ ಅಂಗಡಿ ನೋಡಾಕ ನಿಂತೆ. ಅಂವ ಗ್ವಾಡಿ ಕಡೆ ಓಡಿದ. ನಾನ ಕೊಂದೆರಿ ಅಂವನ್ನ."

ಅಯ್ಯೋ! ಇಷ್ಟು ಚಿಕ್ಕ ಹುಡುಗಿಯ ಬಾಯಲ್ಲಿ ಇಂಥ ಮಾತೇ? ಅದನ್ನು ಇನ್ನೊಬ್ಬರ ಮುಂದೆ ಆಡುವುದಾದರೂ ಹೇಗೆ? ಕೆಟ್ಟ ಸುದ್ದಿಯನ್ನೆಲ್ಲ ಮೆತ್ತಗೆ ಮಾಡಿ ಹೇಳುವುದು ನಮ್ಮ ತವರುಮನೆಯ ಚಾಳಿ. ಅಜ್ಜಿ ತೀರಿಕೊಂಡಾಗಲೂ ನನಗೆ ಬಂದ ಸುದ್ದಿ "ಸ್ವಲ್ಪ ಹುಷಾರಿಲ್ಲ" ಎಂದೇ. ಡಾಕ್ಟರು ನನ್ನ ಮುಖ ನೋಡಿದರು. "ತಮ್ಮನ ನೆನಪು ತುಂಬಾ ಬರುತ್ತದಂತೆ" ಎಂದು ಹಿಂದಿಯಲ್ಲಿ ಹೇಳಿದೆ. ಅವಳಿಗೆ ಕನ್ನಡದಲ್ಲಿ, "ಹಾಗೆಲ್ಲ ಅನ್ನಬಾರದಮ್ಮ" ಎಂದೆ. ದೊಡ್ಡ ಪುಣ್ಯ ಕಟ್ಟಿಕೊಂಡೆನೆಂದು ಕುರ್ಲಾ ಸ್ಟೇಷನ್ನಿನಲ್ಲಿ ಒಂದು ವಡಾಪಾವ್ ಬೇರೆ ತಿಂದೆ.

ಆಮೇಲೆ ಎಂಟು ವಾರ ಅವಳು ಬಾಯಿ ಬಿಡಲಿಲ್ಲ. ಡಾಕ್ಟರು ಬಣ್ಣ, ಬೊಂಬೆ, ಏನೇನೋ ತಂದು ಸೋತರು. ಕೊನೆಗೊಂದು ಶನಿವಾರ ಅವಳೇ, "ಆಂಟಿ ಹೊರಗ ಕುಂದರ್ಲಿ" ಎಂದಳು. ಒಳಗೆ ಮುರುಕು ಹಿಂದಿಯಲ್ಲಿ ಒಂದು ಗಂಟೆ ಹೇಳಿದಳಂತೆ. ತಪ್ಪು ಅವಳದಲ್ಲ ಎಂಬ ಮಾತನ್ನು ಡಾಕ್ಟರು ಶುರುಮಾಡಲು ಸಾಧ್ಯವಾದದ್ದೇ ಆಗ. ನಾಲ್ಕೈದು ತಿಂಗಳಲ್ಲಿ ನಿದ್ದೆ ಬಂತು, ಶಾಲೆಗೂ ಹೋದಳು. "ಕೈ ಬಿಟ್ಟ ವಿಷಯ ನಿಮ್ಮ ಹತ್ತಿರ ಯಾವತ್ತೂ ಹೇಳಿರಲಿಲ್ವಾ?" ಎಂದು ಡಾಕ್ಟರು ಕೇಳಿದಾಗ ನಾನು "ಇಲ್ಲ" ಎಂದುಬಿಟ್ಟೆ.

ಕಳೆದ ವಾರ ಘಾಟ್ಕೋಪರ್ ಮೆಟ್ರೊ ಮೆಟ್ಟಿಲಲ್ಲಿ ಸಿಕ್ಕಳು. ಹದಿನೆಂಟು ವರ್ಷ, ಹೆಗಲಿಗೆ ಕಾಲೇಜಿನ ಬ್ಯಾಗು, ಮುಖದ ತುಂಬ ನಗು. ತಡೆಯಲಾಗದೆ ಅಲ್ಲೇ ಎಲ್ಲ ಒಪ್ಪಿಕೊಂಡೆ.

"ನಂಗ ಗೊತ್ತಿತ್ರಿ ಆಂಟಿ," ಎಂದಳು. "ಹಿಂದಿ ನೆಟ್ಟಗ ಮಾತಾಡಾಕ ಬರ್ತಿರಲಿಲ್ಲ, ಆದ್ರ ತಿಳೀತಿತ್ತು. ನೀವು ಅದನ್ನ ಹೇಳಲೇ ಇಲ್ಲ. ಅಂದ್ರ ದೊಡ್ಡವ್ರೂ ಬಾಯಾಗ ತರದಂಥಾ ಪಾಪ ಮಾಡೀನಿ ಅಂತ ತಿಳಕೊಂಡಿದ್ದೆ. ಛೋಡೋನಾ ಆಂಟಿ, ಈಗ ಅದೆಲ್ಲಾ ಆಗಿ ಹೋತು."

ಅವತ್ತು ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷ ಮರುಕವೆಂದುಕೊಂಡಿದ್ದದ್ದು ಬರೀ ನನ್ನ ಅಳುಕು. ಇವತ್ತು ಸಂಜೆ ಎದುರುಮನೆಯ ಬೆಲ್ ಒತ್ತಿ ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಬಾಗಿಲು ಹಿಡಿದುಕೊಂಡೇ, "ಅಂದರೆ ಆ ಎಂಟು ವಾರ ಮಗು ಒಬ್ಬಳೇ ಇದ್ದಳು" ಎಂದರು.