ಜೋಗೇಶ್ವರಿಯ ಜಾಗದ ಕಬ್ಜಾ

ಜೋಗೇಶ್ವರಿಯಲ್ಲಿ ಅಜ್ಜ ಬಿಟ್ಟುಹೋದ ಜಾಗ ಐದು ರಿಕ್ಷಾ ನಿಲ್ಲುವಷ್ಟು. ಅದಕ್ಕಾಗಿ ಅಪ್ಪನೂ ಅವರ ಅಕ್ಕನೂ, ಅಂದರೆ ನನ್ನ ಅತ್ತೆ, ಹನ್ನೊಂದು ವರ್ಷ ಕೋರ್ಟಿಗೆ ಅಲೆದರು. ಬಾಡಿಗೆಯ ಹೋಟೆಲು ಬಿಟ್ಟು ಅಲ್ಲಿ ಸ್ವಂತದ್ದೊಂದು ಕಟ್ಟಬೇಕೆಂಬುದು ಅಪ್ಪನ ಜೀವಮಾನದ ಆಸೆ. ಸಾಯುವಾಗ ಅಜ್ಜ ಬಾಯಿಮಾತಿನಲ್ಲಿ ತನಗೇ ಕೊಟ್ಟರೆಂದು ಅತ್ತೆಯ ವಾದ. ಆಗ ಅಜ್ಜನಿಗೆ ಮಾತೇ ನಿಂತುಹೋಗಿತ್ತೆಂದು ಅಪ್ಪನ ಉತ್ತರ.

ನಮ್ಮ ವಕೀಲರು ಒಂದೇ ಪಾಠ ಹೇಳಿಕೊಟ್ಟಿದ್ದರು: ಕಾಗದ ಹೇಗೂ ಇರಲಿ, ಜಾಗ ನಿಮ್ಮ ಕಬ್ಜಾದಲ್ಲಿದೆ ಎಂದು ಕಾಣಬೇಕು. ಅಂದಿನಿಂದ ಅಪ್ಪ ಮಧ್ಯಾಹ್ನದ ಊಟದ ಗದ್ದಲ ಮುಗಿದ ಕೂಡಲೇ ಅಲ್ಲಿಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರಿನ ಗೋಡೆ ನೋಡುತ್ತಾ ಕೂರುತ್ತಿದ್ದರು. ಅತ್ತೆಯ ವಕೀಲರೂ ಅದೇ ಪಾಠ ಹೇಳಿರಬೇಕು. ಆಕೆ ಸಾಂತಾಕ್ರೂಜಿನಿಂದ ಲೋಕಲ್ ರೈಲು ಹಿಡಿದು ಬಂದು, ಅಲ್ಲೇ ಚಾಪೆ ಹಾಸಿ ಹಪ್ಪಳ ಒಣಹಾಕುತ್ತಿದ್ದರು. ಇಬ್ಬರಿಗೂ ಮಾತಿಲ್ಲ. ಅತ್ತೆ ತೂಕಡಿಸಿದರೆ ಮಾತ್ರ ಅಪ್ಪ ಕಾಗೆ ಓಡಿಸುತ್ತಿದ್ದರು. ಯಾಕೆಂದು ಕೇಳಿದರೆ, "ಕಾಗೆಗೆ ಈ ಕೇಸಿನಲ್ಲಿ ಪಾಲು ಉಂಟಾ?" ಎಂದು ನನ್ನನ್ನೇ ಗದರುತ್ತಿದ್ದರು.

ಕೊನೆಗೆ, ಜಾಗ ಯಾರ ವಶದಲ್ಲಿದೆ ಎಂದು ನೋಡಿ ಬರೆದುಕೊಂಡು ಹೋಗಲು ಕೋರ್ಟು ಒಬ್ಬ ಕಮಿಷನರನ್ನು ಕಳಿಸಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗ್ಗಿನಿಂದಲೇ ಕುರ್ಚಿ ಹಿಡಿದಿದ್ದರು. ಕಮಿಷನರು ಕಾಲಿಡುವುದಕ್ಕೂ ಅತ್ತೆ ಮಂಡಿನೋವಿನಲ್ಲಿ ಕುಂಟುತ್ತಾ ಬರುವುದಕ್ಕೂ ಸರಿಹೋಯಿತು. ಅಪ್ಪ ತಟ್ಟನೆ ಎದ್ದುಬಿಟ್ಟರು.

"ಕೂತ್ಕೊಳ್ಳಿ ಅಕ್ಕ, ಬಿಸಿಲು ಜೋರುಂಟು."

ಅತ್ತೆ ಕೂತರು. ಕೂತವರು ಸುಮ್ಮನಿರಬೇಕಲ್ಲ!

"ಸಾಹೇಬರಿಗೆ ಒಂದು ಚಾ ತಾ ಮಾರಾಯ," ಎಂದರು. ಹನ್ನೊಂದು ವರ್ಷದಲ್ಲಿ ಅತ್ತೆ ಅಪ್ಪನೊಡನೆ ಆಡಿದ ಮೊದಲ ಮಾತು ಅದು. ಅಪ್ಪ ಓಡಿದರು.

ಕಮಿಷನರು ಕಂಡದ್ದನ್ನು ಕಂಡಂತೆ ಬರೆದರು: ವಾದಿಯಾದ ಅಕ್ಕ ಕುರ್ಚಿಯಲ್ಲಿ ಕೂತು ಅಪ್ಪಣೆ ಮಾಡುತ್ತಿದ್ದಾರೆ, ಪ್ರತಿವಾದಿಯಾದ ತಮ್ಮ ಚಹಾ ಕೊಟ್ಟು ಪಕ್ಕದಲ್ಲಿ ನಿಂತಿದ್ದಾರೆ. ನಮ್ಮ ಕಡೆಯ ಸಾಕ್ಷಿಯಾಗಿ ನಾನು ಸಹಿ ಹಾಕಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಅಪ್ಪನನ್ನು ಬದಿಗೆ ಕರೆದು, ಹಾಕುವುದಿಲ್ಲ ಎಂದೆ.

"ಬರೆದದ್ದರಲ್ಲಿ ಸುಳ್ಳು ಏನುಂಟು?" ಎಂದರು ಅಪ್ಪ. "ಸೈನ್ ಹಾಕು."

ಹಾಕಿದೆ. ಕೋರ್ಟು ಆ ಕಾಗದ ನೋಡಿ, ಜಾಗ ಅತ್ತೆಯ ವಶದಲ್ಲೇ ಇರಲಿ ಎಂದಿತು. ಮರುದಿನ ಅಪ್ಪ ಬಾಡಿಗೆ ಹೋಟೆಲಿನ ಕರಾರನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿದರು. ಅದಕ್ಕೂ ಸಾಕ್ಷಿ ನಾನೇ.