ಮೊದಲ ಬಸ್ಸಿಗೆ ಮುನ್ನ ಹತ್ತು ನಿಮಿಷ

ಬೆಳಗಿನ ನಾಲ್ಕೂ ಐವತ್ತು. ಬಸ್ ಡಿಪೋದ ವಿಶ್ರಾಂತಿ ಕೊಠಡಿಯಲ್ಲಿರುವ ಎರಡು ಟ್ಯೂಬ್‌ಲೈಟುಗಳಲ್ಲಿ ಒಂದು ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಯೋಚಿಸುತ್ತಿದೆ. ಕಬ್ಬಿಣದ ಬೆಂಚುಗಳ ಮೇಲೆ ಇಪ್ಪತ್ತಾರು ಮಂದಿ ಡ್ರೈವರುಗಳು, ಕಂಡಕ್ಟರುಗಳು. ಅರ್ಧಕ್ಕರ್ಧ ಜನ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದಾರೆ. ಉಳಿದವರು ಕಣ್ಣು ಬಿಡುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ಅವರೆದುರು, ಸ್ವೆಟರಿನ ಮೇಲೆ ಹಳೆಯ ಖಾಕಿ ಕೋಟು ತೊಟ್ಟ ಅರವತ್ತೊಂದು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ.

“ನಾನು ಪ್ಯಾಸೆಂಜರು, ನೀವು ಕಂಡಕ್ಟರು. ಕೇಳಿ,” ಎಂದು ಮುಂದಿನ ಬೆಂಚಿನವನಿಗೆ ಹೇಳುತ್ತಾರೆ.

“ಎಲ್ಲಿಗಮ್ಮಾ?”

“ಗಿರಣಿ ಗೇಟಿಗೆ.”

“ತಗೊಳ್ಳಿ ಟಿಕೆಟ್ಟು. ಒಳಗೆ ಹೋಗಿ.”

ಎಚ್ಚರವಿದ್ದವರು ನಗುತ್ತಾರೆ. ಅವರು ನಗುವುದಿಲ್ಲ. “ಕೊಟ್ಟುಬಿಟ್ರಿ. ಗಿರಣಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಸ್ಟಾಪಿಗೆ ಹೆಸರು ಮಾತ್ರ ಉಳಿದಿದೆ. ಅಲ್ಲಿಳಿದು ನಾನು ಯಾರ ಹತ್ರ ಹೋಗ್ಲಿ? ‘ಎಲ್ಲಿಗೆ’ ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ. ‘ಅಲ್ಲಿ ಯಾರಿದಾರೆ?’ ಇಷ್ಟೇ. ಒಂದು ಉಸಿರಿನ ಕೆಲಸ.”

ಡಿಪೋದಲ್ಲಿ ಇವರನ್ನು ‘ಮರೆವಿನಕ್ಕ’ ಎಂದು ಕರೆಯುತ್ತಾರೆ. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಮುಖಕ್ಕೇ ಕರೆಯುತ್ತಾರೆ. ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್ ಆಗಿ ದುಡಿದು ಮೂರು ವರ್ಷದ ಹಿಂದೆ ನಿವೃತ್ತರಾದವರು. ವಾರಕ್ಕೆ ಐದು ಬೆಳಗು, ಸರದಿಯ ಮೇಲೆ ನಾಲ್ಕು ಡಿಪೋ, ಮೊದಲ ಪಾಳಿಯವರಿಗೆ ಹತ್ತು ನಿಮಿಷ ಅಲ್ಜೈಮರ್ಸ್ ಕಾಯಿಲೆಯ ಬಗ್ಗೆ ಹೇಳುವುದು. ಇದನ್ನು ಶುರು ಮಾಡಿ ಆರು ವರ್ಷವಾಯಿತು. ಸಂಬಳವಿಲ್ಲ. ಸನ್ಮಾನವಂತೂ ದೂರದ ಮಾತು. ಒಮ್ಮೆ ಒಂದು ಡಿಪೋದವರು ಪ್ರಮಾಣಪತ್ರ ಕೊಟ್ಟರಂತೆ, ಅದರಲ್ಲಿ ‘ಮಧುಮೇಹ ಜಾಗೃತಿಗಾಗಿ’ ಎಂದಿತ್ತಂತೆ.

ಕಾಯಿಲೆಯನ್ನು ಇವರು ವಿವರಿಸುವ ರೀತಿ, ಇವರ ಬಗ್ಗೆ ಬರೆಯಲು ಬಂದಿರುವ ನನಗೆ ಯಾವ ಕರಪತ್ರದಲ್ಲೂ ಸಿಕ್ಕಿಲ್ಲ. “ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಗಟ್ಟಿಯಾಗಿ ಕೂತಿರುತ್ತೆ. ಬೆಳಿಗ್ಗೆ ತಿಂದಿದ್ದು ಗೊತ್ತಿರಲ್ಲ, ನಲವತ್ತು ವರ್ಷದ ಹಿಂದೆ ಇಳೀತಿದ್ದ ಸ್ಟಾಪು ಬಾಯಿಪಾಠ. ತಡವರಿಸೋರನ್ನ ನಾವೇ ವಿಚಾರಿಸ್ತೀವಿ. ಇವರು ತಡವರಿಸಲ್ಲ, ಖಡಕ್ಕಾಗಿ ಹೇಳ್ತಾರೆ. ನಾವು ಮೋಸ ಹೋಗೋದು ಅಲ್ಲೇ.”

ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸುತ್ತದೆ. ಆಕೆ ಅತ್ತ ಒಮ್ಮೆ ನೋಡಿ ಮುಂದುವರಿಸುತ್ತಾರೆ. ಗಂಟಲು ಕಟ್ಟಿದೆ. ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಹಾಕಲಾಗಿಲ್ಲ. ದಣಿದಿದ್ದಾರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ದಣಿವಿಗೆ ಈ ತಿಂಗಳು ಇನ್ನೊಂದು ಕಾರಣವೂ ಸೇರಿಕೊಂಡಿದೆ. ಡಿಪೋಗೆ ಹೊಸ ಮೇಲ್ವಿಚಾರಕರು ಬಂದಿದ್ದಾರೆ. ಮನುಷ್ಯ ಕೆಟ್ಟವರಲ್ಲ, ಗಡಿಯಾರದವರು. “ಆರು ವರ್ಷದಲ್ಲಿ ದಾರಿ ತಪ್ಪಿದೋರು ಎಷ್ಟು ಜನ ಸಿಕ್ಕಿದ್ರು ಅಂತ ಒಂದಾದ್ರೂ ದಾಖಲೆ ತೋರಿಸಿ. ಇಲ್ಲದಿದ್ರೆ ತಿಂಗಳ ಕೊನೆಗೆ ನಿಲ್ಲಿಸಿಬಿಡೋಣ,” ಎಂದಿದ್ದಾರೆ. ಇಲ್ಲಿ ನಿಂತರೆ ಉಳಿದ ಮೂರು ಡಿಪೋಗಳೂ ಕೈ ತೊಳೆದುಕೊಳ್ಳುತ್ತವೆ ಎನ್ನುವುದು ಆಕೆಗೆ ಗೊತ್ತು. ಇವತ್ತು ತಿಂಗಳ ಕೊನೆಯ ದಿನ.

“ದಾಖಲೆ ಎಲ್ಲಿಂದ ತರ್ಲಿ? ಕಳೆದುಹೋದ್ರೆ ಪೊಲೀಸರ ಹತ್ರ ಕಾಗದ ಇರುತ್ತೆ. ಕಳೆದುಹೋಗದೆ ಮನೆ ಸೇರಿದ್ರೆ ಯಾರು ಬರೆದಿಡ್ತಾರೆ?” ಎನ್ನುತ್ತಾರೆ.

ಮನೆಯಲ್ಲಿ ಯಾರಿಗೆ ಈ ಕಾಯಿಲೆ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದೆ. ಯಾರಿಗೂ ಇಲ್ಲ. ಮನೆಯಲ್ಲಿರುವುದು ನಿವೃತ್ತ ಡ್ರೈವರ್ ಗಂಡ ಒಬ್ಬರೇ. ಅವರಿಗೆ ಬೇಡದ್ದೂ ನೆನಪಿದೆ. “ನಮ್ಮ ಮದುವೇಲಿ ಯಾರ್ಯಾರು ಊಟಕ್ಕೆ ಎರಡು ಸಲ ಕೂತ್ರು ಅಂತ ಕೇಳಿ, ಹೇಳ್ತೀನಿ. ರಿಟೈರ್ ಆದ ಮೇಲೂ ಫಸ್ಟ್ ಶಿಫ್ಟ್ ಮಾಡೋ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ,” ಎನ್ನುತ್ತಲೇ ನಸುಕಿನಲ್ಲಿ ಎದ್ದು ಸ್ಕೂಟರ್ ಒರೆಸಿಕೊಂಡು ಹೆಂಡತಿಯನ್ನು ಡಿಪೋಗೆ ಬಿಡುತ್ತಾರೆ. ಬಂದದ್ದೇ ಚಹಾ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಾ ಕೂರುತ್ತಾರೆ.

ಹಾಗಾದರೆ ಶುರುವಾದದ್ದು ಹೇಗೆ? ಏಳು ವರ್ಷದ ಹಿಂದಿನ ಒಂದು ಸಂಜೆ, ಆಕೆಯ ಬಸ್ಸಿಗೆ ಒಬ್ಬ ಹಿರಿಯರು ಹತ್ತಿದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಡಬ್ಬಿ. “ಗಿರಣಿ ಗೇಟು” ಎಂದರು, ಸರಿಯಾದ ಚಿಲ್ಲರೆ ಕೊಟ್ಟರು. ಆಕೆ ಟಿಕೆಟ್ ಕೊಟ್ಟರು, ಸ್ಟಾಪು ಬಂದಾಗ ಕೈ ಹಿಡಿದು ಇಳಿಸಿದರು ಕೂಡ. ನಿಯಮದ ಪ್ರಕಾರ ಎಳ್ಳಷ್ಟೂ ತಪ್ಪಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮುಚ್ಚಿದ ಗೇಟಿನ ಪಕ್ಕದ ಪೊದೆಗಳ ಮರೆಯಲ್ಲಿ ಅವರು ಸಿಕ್ಕರು. ಪಾಳಿ ಶುರುವಾಗಲೆಂದು ಕಾಯುತ್ತಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ಮಾತಿಲ್ಲದೆ ಎಂಟು ದಿನ ಬದುಕಿದ್ದರು.

“ಅವರ ಮಗ ಡಿಪೋಗೆ ಬಂದ್ರು. ಬೈತಾರೆ ಅಂದ್ಕೊಂಡೆ. ‘ಕೊನೇಗೆ ನಮ್ಮಪ್ಪನ ಹತ್ರ ಮಾತಾಡಿದ್ದು ನೀವೇ. ಏನಂದ್ರು?’ ಅಂತ ಕೇಳಿದ್ರು. ನಾನು ಮಾತೇ ಆಡಿರ್ಲಿಲ್ಲ. ಟಿಕೆಟ್ ಅಷ್ಟೇ ಕೊಟ್ಟಿದ್ದೆ.” ಹೇಳುತ್ತಾ ಆಕೆ ಕೋಟಿನ ಗುಂಡಿಯನ್ನು ತಿರುವುತ್ತಾರೆ. ಮರುವಾರವೇ ಆಸ್ಪತ್ರೆಯ ಮರೆವಿನ ವಿಭಾಗಕ್ಕೆ ಹೋಗಿ ಅಲ್ಲಿನ ಡಾಕ್ಟರಮ್ಮನ ಬೆನ್ನು ಬಿದ್ದರು. ಬಿಡುವಿನ ದಿನಗಳಲ್ಲಿ ಅಲ್ಲೇ ಕೂತು, ಕೇಳಿ, ಬರೆದುಕೊಂಡು ಕಲಿತರು. ಆ ನೋಟುಪುಸ್ತಕ ನೋಡಿ ಕಂಡಕ್ಟರುಗಳಿಗೆ ಹೇಳಿಕೊಡಲು ಡಾಕ್ಟರಮ್ಮನೇ ಹುರಿದುಂಬಿಸಿದರು.

ಇವತ್ತಿನ ಹತ್ತು ನಿಮಿಷ ಮುಗಿಯುತ್ತದೆ. ಜನ ಆಕಳಿಸುತ್ತಾ ಏಳುತ್ತಾರೆ. ಗೊರಕೆ ಹೊಡೆಯುತ್ತಿದ್ದ ಹಿರಿಯ ಕಂಡಕ್ಟರ್ ಮಾತ್ರ ನೇರ ಇವರ ಬಳಿಗೆ ಬರುತ್ತಾರೆ. ಡಿಪೋದವರಿಗೆ ಅವರು ‘ಗೊಣಗಣ್ಣ’. ಜೇಬಿನಿಂದ ಮಡಿಚಿದ ಕಾಗದ ತೆಗೆದು ಮುಖಕ್ಕೆ ಹಿಡಿಯುತ್ತಾರೆ.

“ನೋಡಿ, ನಿಮ್ಮ ಪ್ರಶ್ನೆ ಕೇಳಿ ನಂಗೆ ಮೆಮೊ ಬಂತು. ನಲವತ್ತು ನಿಮಿಷ ಲೇಟು ಅಂತ.”

ಮಂಗಳವಾರ ಮಧ್ಯಾಹ್ನ ಅವರ ಬಸ್ಸಿಗೆ ಒಬ್ಬ ಅಜ್ಜಿ ಹತ್ತಿದ್ದರಂತೆ. ಹೆಣ್ಣುಮಕ್ಕಳ ಶಾಲೆಗೆ ಟಿಕೆಟ್ ಕೇಳಿದರಂತೆ. “ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ ನಿಮ್ಮ ಮಾತು, ‘ಅಲ್ಲಿ ಯಾರಿದಾರಮ್ಮಾ’ ಅಂದೆ. ‘ಮಗಳು ಗೇಟಲ್ಲಿ ಕಾಯ್ತಿರ್ತಾಳೆ, ಇನ್ನೂ ಏಳು ವರ್ಷ, ಪಾಪ’ ಅಂದ್ರು. ಎಂಬತ್ತರ ಅಜ್ಜಿಗೆ ಏಳು ವರ್ಷದ ಮಗಳು! ನಿದ್ದೆ ಹಾರಿಹೋಯ್ತು ನಂಗೆ. ಕೊನೇ ಸ್ಟಾಪಿನವರೆಗೂ ನನ್ನ ಸೀಟಲ್ಲೇ ಕೂರಿಸ್ಕೊಂಡೆ. ಕನ್ನಡಕದ ಡಬ್ಬಿ ಮೇಲೆ ಅಂಗಡಿ ನಂಬರ್ ಇತ್ತು, ಅವರಿಗೆ ಫೋನ್ ಮಾಡಿದೆ, ಅವರು ಮನೆಗೆ ಮಾಡಿದ್ರು. ಅಜ್ಜಿನ ಬಿಟ್ಟು ಹೆಂಗೆ ಹೊರಡ್ಲಿ? ಮಗಳು ಓಡಿ ಬಂದ್ರು, ಅರ್ಧ ತಲೆ ನರೆತಿದೆ. ಅಜ್ಜಿ ಅವರ ಮುಖ ನೋಡಿ, ‘ನೀವೂ ಮಗೂನ ಕರ್ಕೊಂಡು ಹೋಗೋಕೆ ಬಂದ್ರಾ?’ ಅಂದ್ರು.”

ಅಕ್ಕ ಕಾಗದವನ್ನು ಎರಡು ಸಲ ಓದುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ. “ಇದನ್ನ ಒಂದು ಗಳಿಗೆ ಕೊಡ್ತೀರಾ?” ಎಂದು ಕೇಳಿ, ಊದಿದ ಕಾಲೆಳೆಯುತ್ತಾ ಮೇಲ್ವಿಚಾರಕರ ಕೋಣೆಗೆ ನಡೆಯುತ್ತಾರೆ. ನಾನು ಹಿಂಬಾಲಿಸುತ್ತೇನೆ.

ಮೇಲ್ವಿಚಾರಕರು ತಮ್ಮದೇ ಸಹಿ ಇರುವ ಮೆಮೊ ನೋಡಿ ಹುಬ್ಬೇರಿಸುತ್ತಾರೆ. ನಡೆದದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಹೊರಗೆ ಮೊದಲ ಬಸ್ಸು ಸದ್ದು ಮಾಡುತ್ತಾ ಹೊರಡುತ್ತದೆ. “ನಿಮ್ಮ ಹತ್ತು ನಿಮಿಷ ಮುಂದುವರಿಸಿ,” ಎನ್ನುತ್ತಾರೆ. “ಆದ್ರೆ ಈ ಮೆಮೊ ವಾಪಸ್ ತಗೊಳ್ಳೋಕಾಗಲ್ಲಮ್ಮ. ತಡವಾದ್ರೆ ಫಾರಂನಲ್ಲಿ ನಾಲ್ಕೇ ಕಾರಣ ಇರೋದು. ಪಂಕ್ಚರ್, ಎಂಜಿನ್, ಟ್ರಾಫಿಕ್, ಅಪಘಾತ. ಇದು ಯಾವುದಕ್ಕೂ ಸೇರಲ್ಲ. ‘ಕಾರಣವಿಲ್ಲದೆ ವಿಳಂಬ’ ಅಂತಲೇ ಬರೀಬೇಕು.”

ನನಗೆ ಸಿಟ್ಟು ಬರುತ್ತದೆ, ಆಕೆಗೆ ಬರುವುದಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಪಾದ ನೀವಿಕೊಳ್ಳುತ್ತಾರೆ. ಮುಂದೇನು ಎಂದು ಕೇಳುತ್ತೇನೆ.

“ಆ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿದ್ರೆ ಸಾಕು ನಂಗೆ. ಪಂಕ್ಚರ್ ಕೆಳಗಾದ್ರೂ ಸರಿ. ‘ಪ್ರಯಾಣಿಕರಿಗೆ ಮರೆತುಹೋಗಿತ್ತು’ ಅಂತ. ನನ್ನ ಗಂಟಲು ಇನ್ನೆಷ್ಟು ದಿನ ಬರುತ್ತೋ.” ಕೈಯಲ್ಲಿನ ಮೆಮೊವನ್ನು ಮತ್ತೆ ಬಿಡಿಸಿ ನೋಡುತ್ತಾರೆ. “ನಿಜ ಹೇಳ್ಲಾ? ಇದನ್ನ ನೋಡಿ ಹೊಟ್ಟೆಕಿಚ್ಚಾಯ್ತು. ಇಷ್ಟು ವರ್ಷದ ಸರ್ವಿಸಲ್ಲಿ ನಂಗೆ ಇಂಥದ್ದು ಒಂದೂ ಬಂದಿಲ್ಲ. ಗಿರಣಿ ಗೇಟಿನ ಆ ಸಂಜೆನೂ ನಾನು ಸರಿಯಾದ ಟೈಮಿಗೇ ಡಿಪೋ ಸೇರಿದ್ದೆ.”