ಹಿನ್ನೀರಿನ ದಂಡೆಯಲ್ಲಿ ತುಂಬಿದ ಉಡಿ

ನಮ್ಮ ಕಡೆ ಅನ್ನ ನೆಲಕ್ಕೆ ಬಿದ್ದರೆ ಅವ್ವ ಬೈಯುತ್ತಾಳೆ. ಇಲ್ಲಿ ಊರಿಗೆ ಊರೇ ಹೊಸ ಬಟ್ಟೆ ಉಟ್ಟು, ಬುಟ್ಟಿಗಟ್ಟಲೆ ಅಡುಗೆ ಹೊತ್ತು, ಡ್ಯಾಮಿನ ಹಿನ್ನೀರಿನ ದಂಡೆಗುಂಟ ನಡೆದು ಹೋಗಿ ಅದನ್ನು ಹೊಲಕ್ಕೆ ಎರಚುತ್ತದೆ. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಮೊಸರನ್ನ, ಎಲ್ಲ ಕಲಸಿ. ಕೊನೆಯ ಹಿಡಿ ನೀರಿಗೆ. ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡೆ.

ನಾನು ಕೊಳ್ಳೇಗಾಲದ ಕಡೆಯವನು. ಕುಡಿಯುವ ನೀರಿನ ಪೈಪು ಹೂಳುವ ಕೆಲಸಕ್ಕೆ ಸವದತ್ತಿಗೆ ಬಂದೆ. ಮದುವೆಯಾದ ಮೇಲೆ ಹೆಂಡತಿ ಮಾದೇವಿಯನ್ನೂ ಕರೆತಂದೆ. ರೂಮು ಕೇಳಿದ ಕಡೆಯೆಲ್ಲ ಮೊದಲ ಪ್ರಶ್ನೆ, "ಯಾವ ಮಂದಿ ನೀವು?" ಕಡೆಗೆ ನಮ್ಮ ಕೆಲಸದ ಟ್ರ್ಯಾಕ್ಟರ್ ಓಡಿಸುವ ಬಸಪ್ಪ ತನ್ನ ಸಂಬಂಧಿಕರ ತಗಡಿನ ರೂಮು ಕೊಡಿಸಿದ. ಅವನು ನನ್ನನ್ನು ಕರೆಯುವುದು "ಏ ಮೈಸೂರ" ಎಂದು. ಮೈಸೂರನ್ನು ನಾನೇ ಸರಿಯಾಗಿ ನೋಡಿಲ್ಲ. ಇಲ್ಲಿಯವರಿಗೆ ದಾವಣಗೆರೆ ದಾಟಿದರೆ ಎಲ್ಲ ಮೈಸೂರೇ.

ನನಗೆ ಜೋಳದ ರೊಟ್ಟಿ ಹಿಡಿಸಿತು. ಕೆಲಸದ ಜಾಗದಲ್ಲಿ ಮಾತೂ ಬಂತು. ಮಾದೇವಿಗೆ ಯಾವುದೂ ಆಗಲಿಲ್ಲ. ಮುದ್ದೆ ಇಲ್ಲದೆ ಊಟ ಸೇರದು. ಅಂಗಡಿಯಲ್ಲಿ ಕೈ ತೋರಿಸಿ ಸಾಮಾನು ತರುತ್ತಿದ್ದಳು. ಆಷಾಢದಲ್ಲಿ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಾಗ ಬಸಪ್ಪನ ಅವ್ವ ಈರವ್ವ ಸಂತೆಗೆ ಬಂದವಳು ಮನೆಗೆ ಬಂದಳು. ನೋಡಿದ ಕೂಡಲೇ ಗೊತ್ತಾಯಿತು ಅವಳಿಗೆ. ಮರುವಾರವೇ ಉಪ್ಪಿನಕಾಯಿ ಕಳಿಸಿದಳು.

ಶ್ರಾವಣದಲ್ಲಿ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಗೆ ಹೋಗಿ, ಆಟೋದಲ್ಲಿ ವಾಪಸು ಬಂದೆವು. ಊರಾಗಿದ್ದರೆ ಬೀದಿಯ ಹೆಂಗಸರೆಲ್ಲ ಬಂದು ಕೂತು ಅತ್ತು, ಬಿಸಿನೀರು ಕಾಯಿಸಿ ಹಾಕಿ ಹೋಗುತ್ತಿದ್ದರು. ಇಲ್ಲಿ ಪಕ್ಕದ ಮನೆಗೂ ಗೊತ್ತಾಗಲಿಲ್ಲ. ನನಗೆ ಜ್ವರ ಎಂದು ಬಸಪ್ಪನಿಗೆ ಹೇಳಿ ರಜೆ ಹಾಕಿದೆ. ಫೋನಿನಲ್ಲಿ ಊರಿಗೆ ಮಾತ್ರ ತಿಳಿಸಿದೆ.

ಆಮೇಲೆ ಮಾದೇವಿಯದು ಒಂದೇ ಮಾತು. "ಊರ್ಗೋಗ್ಬುಡವ." ಬರುವ ತಿಂಗಳು, ಬರುವ ತಿಂಗಳು ಎಂದು ತಳ್ಳಿದೆ. ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಊರಲ್ಲಿ ನನಗೆ ಕೆಲಸವಿಲ್ಲ. ಅವಳು ಇಲ್ಲಿ ಇರಬೇಕು, ಅಷ್ಟೇ ನನಗೆ ಬೇಕಾಗಿದ್ದುದು.

ಮಳೆ ನಿಂತ ಮೇಲೆ ಬಸಪ್ಪ ಕರೆದ. "ನಾಳೆ ಸೀಗಿ ಹುಣ್ಣಿವಿ. ಹೇಂತಿನ್ನ ಕರ್ಕೊಂಡು ನಮ್ಮೂರಿಗೆ ಬಾ ಲೇ. ರೂಮಿನ್ಯಾಗ ಕುಂತು ಕುಂತು ತುಕ್ಕು ಹಿಡದೀರಿ." ಮಾದೇವಿ ಒಲ್ಲೆ ಅಂದಳು. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ನಾಲ್ಕು ಜನರ ಜೊತೆ ನಡೆದರೆ ಮನಸ್ಸು ತಿರುಗೀತು ಅನ್ನುವ ಆಸೆ.

ಅವರ ಹಳೇ ಊರು ಡ್ಯಾಮಿನ ನೀರಿನಲ್ಲಿ ಮುಳುಗಿದೆ. ಈಗಿನ ಊರು ಎತ್ತರದಲ್ಲಿದೆ. ಅಲ್ಲಿಂದ ಹೊಲದವರೆಗೆ ದಂಡೆಯ ಮೇಲೆಯೇ ಕಾಲುದಾರಿ. ನಮ್ಮ ಕಡೆ ಕೆರೆ ಅಂದರೆ ಆಚೆ ದಡದಲ್ಲಿ ಯಾರು ಬಟ್ಟೆ ಒಗೆಯುತ್ತಿದ್ದಾರೆ ಎಂದು ಗುರುತು ಸಿಗುತ್ತದೆ. ಇಲ್ಲಿ ಆಚೆ ದಡವೇ ಕಾಣಲಿಲ್ಲ. ಕರಿಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲು ಆಗದು. ಮಾದೇವಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು.

ಬಸಪ್ಪ ನೀರಿನ ಕಡೆ ಕೈ ಮಾಡಿದ. "ಅಲ್ಲಿ ಕೆಳಗ ನಮ್ಮಜ್ಜನ ಮನಿ ಐತಿ ನೋಡು. ಬಾಡಗಿಗೆ ಬೇಕೇನ್ಲೇ ಮೈಸೂರ? ಅಡ್ವಾನ್ಸ್ ಬ್ಯಾಡ, ನೀರಿನ ಬಿಲ್ಲೂ ಬ್ಯಾಡ."

ಎಲ್ಲರೂ ನಕ್ಕರು. ಮಾದೇವಿಯೂ ನಕ್ಕಳು. ಶ್ರಾವಣದ ನಂತರ ಅವಳು ನಕ್ಕದ್ದು ಅದೇ ಮೊದಲು. ಸಾಕು, ಇವಳು ಇರುತ್ತಾಳೆ ಅಂದುಕೊಂಡೆ.

ಹೊಲ ಮುಟ್ಟಿದೆವು. ಎರಚುವ ಆ ಕಲಸಿದ ಅಡುಗೆಗೆ ಚರಗ ಅನ್ನುತ್ತಾರೆ. ಪೈರು ನಿಂತ ಭೂಮಿ ಬಸುರಿ, ಅವಳ ಬಯಕೆ ತೀರಿಸುವ ಊಟ ಇದು, ಎಂದು ಈರವ್ವ ಮಾದೇವಿಗೆ ತಿಳಿಸಿ ಹೇಳಿದಳು. ಹೇಳಿ, ಕಂಬಳಿ ಹಾಸಿದಳು.

"ಬಾರವಾ ತಂಗಿ, ಇಲ್ಲಿ ಕೂಡು. ಈ ಹೊಲಾನೂ ಬಸರಿ, ನೀನೂ ಬಸರಿ. ಇಬ್ಬರ ಬಯಕಿನೂ ಇವತ್ತ ಮುಗಿಸಿಬಿಡೋಣು."

ಉಡಿ ತುಂಬಲು ಕೂತಳು. ಉಡಿ ಅಂದರೆ ನಾವು ಮಡಿಲು ಅನ್ನುವುದು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು, ಕುಪ್ಪಸದ ಬಟ್ಟೆ, ಎಲ್ಲ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಹಸಿರು ಬಳೆಯೂ ಇತ್ತು.

ಪಕ್ಕದ ಹೆಂಗಸು ಮಾದೇವಿಯನ್ನು ಮೇಲೆ ಕೆಳಗೆ ನೋಡಿದಳು. "ಐದ್ರಾಗ ಬಿದ್ದಿರಬೇಕಲ್ಲ? ಹೊಟ್ಟಿ ಕಾಣವಲ್ದು."

"ಸುಮ್ಕಿರಬೇ, ದೃಷ್ಟಿ ಹಚ್ಚಬ್ಯಾಡ. ಮೈಸೂರ ಕಡೆ ಹೆಣ್ಮಕ್ಕಳು ಮೈಯಾಗ ಸಣ್ಣ," ಎಂದಳು ಈರವ್ವ.

"ಅಜ್ಜೀ, ಅದು..." ಎಂದೆ ನಾನು.

"ಹೆಂಗಸರ ನಡುವ ನಿಂದೇನಪಾ ಕೆಲಸ? ಹೋಗು, ಚರಗ ಚೆಲ್ಲು ಹೋಗು."

ಹೆಂಗಸರೆಲ್ಲ ಗೊಳ್ಳೆಂದರು. ಮಾದೇವಿ ತಲೆ ಎತ್ತಿ ನನ್ನನ್ನು ನೋಡಿದಳು. "ಸುಮ್ಕಿರಿ. ತುಂಬ್ಲಿ ಬುಡಿ."

ಕಂಟ್ರಾಕ್ಟರನಿಗೇ ಎದುರು ಮಾತಾಡುವವನು ನಾನು. ಆ ಮುದುಕಿ ಹೋಗು ಅಂದದ್ದಕ್ಕೆ ಹೊರಟೆ. ಹೋಗಿ ಬಸಪ್ಪನ ಹಿಂದೆ ಬುಟ್ಟಿ ಹಿಡಿದೆ. ಮುಂದಿನವನು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನವರು "ಚಲಾಂಬ್ರಿಗೋ" ಅನ್ನಬೇಕು. ಹಾಗಂದರೇನು ಎಂದು ಅವರಿಗೂ ಗೊತ್ತಿಲ್ಲ. ನಾನೂ ಕೂಗಿದೆ, ಗಂಟಲು ಹರಿಯುವಂತೆ. ಜೋಳದ ಪೈರಿಗೆಲ್ಲ ಅನ್ನ ಹೊಡೆದೆ. "ಮೈಸೂರನ ಮೈಯಾಗ ಇವತ್ತ ದೇವರ ಬಂದೈತಿ" ಎಂದು ಬಸಪ್ಪ ನಕ್ಕ.

ವಾಪಸು ಬರುವಾಗ ಮಾದೇವಿ ಸೊಂಟಕ್ಕೆ ಕಟ್ಟಿದ ಸೆರಗಿನ ಕೆಳಗೆ ಎರಡೂ ಕೈ ಕೊಟ್ಟು ನಡೆದಳು. ಅವಳ ಚಪ್ಪಲಿ ಬೇರೆ ಯಾರೋ ಹಿಡಿದಿದ್ದರು. ದಾರಿಯುದ್ದಕ್ಕೂ ಹೆಂಗಸರು "ಸಾವಕಾಶ ನಡಿಯವಾ, ಜಾರತೈತಿ" ಎಂದು ಅವಳ ತೋಳು ಹಿಡಿದಿದ್ದರು. ದೂರದಿಂದ ನೋಡಿದರೆ ನಿಜವಾಗಿಯೂ ಬಸುರಿಯ ನಡಿಗೆಯೇ.

ಮರುದಿನ ಬಟ್ಟೆ ಕಟ್ಟಿದಳು. ಜಗಳವಾಡಲಿಲ್ಲ.

"ಇಲ್ಲಿ ಎಲ್ರೂ ಒಳ್ಳೇವ್ರೇ," ಅಂದಳು. "ಬೈದಿದ್ರೆ ಜಗಳ ಆಡ್ಕಂಡಾದ್ರೂ ಇದ್ಬುಡ್ತಿದ್ದೆ. ಇದು ನನ್ ಕೈಲಾಗಕಿಲ್ಲ."

ಬಸ್ಸು ಹತ್ತಿಸಿ ಬಂದೆ.

ಈಗಲಾದರೂ ಈರವ್ವನಿಗೆ ಗೊತ್ತಾಗುತ್ತದೆ, ಕೇಳುತ್ತಾಳೆ, ಹೇಳಿಬಿಡೋಣ ಎಂದಿದ್ದೆ. ಮುದುಕಿ ಕೇಳಿದ್ದು ಬೇರೆ. "ತವರಿಗೆ ಕಳಿಸಿದೇನು? ಚಲೋ ಮಾಡಿದಿ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು." ಮಾದೇವಿ ಬಿಟ್ಟುಹೋದದ್ದೂ ಇವರ ಲೆಕ್ಕಕ್ಕೆ ಸರಿಯಾಗಿ ಕೂತಿತು.

ದೀಪಾವಳಿಗೆ ಊರಿಗೆ ಹೋಗಿದ್ದೆ. ಮಾದೇವಿ ಊಟಕ್ಕಿಟ್ಟಳು, ಜೊತೆಗೆ ಹೊರಡು ಎಂದರೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನ್ನ ಬಾಯಲ್ಲಿ "ಹೌದ್ರಿ" ಬಂದರೆ ಅವಳ ತಮ್ಮಂದಿರು ನಕ್ಕರು. ಅಲ್ಲಿ ಎಲ್ಲರೂ ನನ್ನ ಜೊತೆ ಸತ್ತ ಮನೆಯವನ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಇಲ್ಲಿ "ಏನಪಾ, ಅಪ್ಪ ಆಗಾಂವ" ಎಂದು ಬೆನ್ನಿಗೆ ಗುದ್ದುತ್ತಾರೆ. ಊರಲ್ಲಿ ನನ್ನ ಮಗು ಸತ್ತಿದೆ. ಇಲ್ಲಿ ಇನ್ನೂ ಬೆಳೆಯುತ್ತಿದೆ.

ಮುಂದಿನ ಪೈಪ್‌ಲೈನು ರಾಮದುರ್ಗದ ಕಡೆ ಎಂದು ಮಾತಿದೆ. ಅಲ್ಲಿಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಹೋಗಲೂ ಮನಸ್ಸಿಲ್ಲ. ನನ್ನ ಮಗುವಿನ ದಾರಿ ಕಾಯುವವರು ಇರುವುದು ಇಲ್ಲಿ ಮಾತ್ರ.

ಹೋದ ವಾರ ಈರವ್ವ ಸಂತೆಯಿಂದ ರೂಮಿಗೆ ಬಂದಳು. "ಕೂಸಿಗೆ ಕೌದಿ ಹೊಲ್ಯಾಕ ಹತ್ತೇನಿ. ತಾಯೀದೊಂದು ಹಳೇ ಸೀರಿ ಮ್ಯಾಲೆ ಬಂದ್ರ ಬೆಚ್ಚಗ ಮಲಗತಾವು. ಅಕೀದೇನರ ಐತೇನು?"

ಕೌದಿ ಎಂದರೆ ಹಳೇ ಬಟ್ಟೆ ಸೇರಿಸಿ ಹೊಲಿಯುವ ಹಾಸಿಗೆ. ಮಾದೇವಿ ಬಿಟ್ಟುಹೋದ ಸೀರೆ ಒಂದೇ ಉಳಿದಿತ್ತು. ಅದನ್ನು ಮೂಗಿಗೆ ಹಿಡಿದುಕೊಂಡು ಎಷ್ಟೋ ಹೊತ್ತು ಒಳಗೆ ನಿಂತೆ. ಹೊರಗಿನಿಂದ ಮುದುಕಿ "ಸಿಕ್ಕಿತೇನೋ?" ಎಂದು ಕೂಗಿದಳು.

ತಂದು ಕೊಟ್ಟೆ.